ಅರ್ಧಕ್ಕೆ ನಿಂತ ಹಡಗು, ಬಾರದೆ ಹೋದ ವಿಮಾನ

1942ರ ಜೂನ್ 23ರ ಸಂಜೆ ವೇಲ್ಸಿನ ಪೆಂಬ್ರಿ ವಾಯುನೆಲೆಗೆ ಜರ್ಮನಿಯ ಯುದ್ಧವಿಮಾನವೊಂದು ತಾನಾಗಿಯೇ ಬಂದು ಇಳಿಯಿತು. ಅದರ ಪೈಲಟ್ ಆರ್ಮಿನ್ ಫಾಬರ್ ಇಂಗ್ಲಿಷ್ ಕಡಲ್ಗಾಲುವೆ ದಾಟಿ ಫ್ರಾನ್ಸಿಗೆ ಮರಳಿದ್ದೇನೆ ಎಂದುಕೊಂಡಿದ್ದ. ಆತ ದಾಟಿದ್ದು ಬ್ರಿಸ್ಟಲ್ ಕಡಲ್ಗಾಲುವೆಯನ್ನು. ಇಳಿದದ್ದು ಶತ್ರುವಿನ ಅಂಗಳದಲ್ಲಿ. ಕರ್ತವ್ಯದಲ್ಲಿದ್ದ ಸಾರ್ಜೆಂಟನ ಕೈಯಲ್ಲಿ ಬಂದೂಕು ಕೂಡ ಇರಲಿಲ್ಲ. ಬೆಳಕಿನ ಸಂಕೇತ ಹಾರಿಸುವ ಪಿಸ್ತೂಲನ್ನೇ ಹಿಡಿದು ಓಡಿಹೋಗಿ ಅವನನ್ನು ಸೆರೆಹಿಡಿದ.

ಬ್ರಿಟನ್ನಿಗೆ ಹೀಗೆ ಪುಕ್ಕಟೆಯಾಗಿ ಸಿಕ್ಕಿದ್ದು ಫೋಕ್-ವುಲ್ಫ್ 190. ಅದರ ಕಾಟ ತಾಳಲಾರದೆ ಬ್ರಿಟಿಷ್ ವಾಯುಪಡೆ ಆ ವರ್ಷ ಹೈರಾಣಾಗಿತ್ತು. ವಿಮಾನವನ್ನು ಹಾರಿಸಿ, ಬಿಚ್ಚಿ, ಅಳೆದು ನೋಡಿದವರಿಗೆ ಅಚ್ಚರಿಯಾಯಿತು. ಇಷ್ಟು ಚಿಕ್ಕ ದೇಹದಲ್ಲಿ, ಗಾಳಿಯಿಂದ ತಂಪಾಗುವ ಗುಂಡನೆಯ ದಪ್ಪ ಎಂಜಿನ್ ಇಟ್ಟುಕೊಂಡು ಇಷ್ಟು ವೇಗವೇ? ಈ ಪ್ರಶ್ನೆಯೇ ಬ್ರಿಟಿಷ್ ನೌಕಾಪಡೆಯ ಕೊನೆಯ ಪಿಸ್ಟನ್ ಎಂಜಿನ್ ಯುದ್ಧವಿಮಾನ ಸೀ ಫ್ಯೂರಿಯ ಹುಟ್ಟಿಗೆ ಕಾರಣವಾಯಿತು.

ಕನ್ನಡ ನಾಡಿನವರಿಗೆ ಈ ಕಥೆಯಲ್ಲಿ ಬೇರೊಂದು ಕುತೂಹಲವೂ ಇದೆ. ಫೋಕ್-ವುಲ್ಫ್ 190ರ ವಿನ್ಯಾಸಕಾರನ ಹೆಸರು ಕುರ್ಟ್ ಟ್ಯಾಂಕ್. ಯುದ್ಧದಲ್ಲಿ ಸೋತ ದೇಶ ಬಿಟ್ಟು ಆತ ಅರ್ಜೆಂಟೀನಾಕ್ಕೆ ಹೋದ. ಅಲ್ಲಿ ಪೆರೋನ್ ಸರ್ಕಾರ ಬಿದ್ದ ಮೇಲೆ 1956ರಲ್ಲಿ ತನ್ನ ತಂಡ ಕಟ್ಟಿಕೊಂಡು ಬಂದದ್ದು ಬೆಂಗಳೂರಿಗೆ, ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ. ಆ ಹೊತ್ತಿಗೆ ಸೀ ಫ್ಯೂರಿ ಬ್ರಿಟನ್ನಿನ ಮುಂಚೂಣಿಯಿಂದ ಆಗಲೇ ಹಿಂದೆ ಸರಿದಿತ್ತು. ಅದು ಒಮ್ಮೆಯೂ ಭಾರತೀಯ ನೌಕಾಪಡೆಯ ವಿಮಾನವಾಗಲಿಲ್ಲ. ಆದರೂ ಅದರ ಹಿಂದಿನದು, ಮುಂದಿನದು, ಅದರ ಜೊತೆಗಾರ, ಅದರ ಎಂಜಿನ್, ಅದನ್ನು ಹೊತ್ತ ಹಡಗಿನ ಒಡಹುಟ್ಟು ಎಲ್ಲವೂ ಒಂದಲ್ಲ ಒಂದು ದಾರಿಯಿಂದ ಇಲ್ಲಿಗೆ ಬಂದವು. ಬಾರದೆ ಉಳಿದದ್ದು ಅದೊಂದೇ.

ಸೀ ಫ್ಯೂರಿಯನ್ನು ರೂಪಿಸಿದ್ದು ಹಾಕರ್ ಕಂಪನಿಯ ಸಿಡ್ನಿ ಕ್ಯಾಮ್. ಹರಿಕೇನ್, ಟೈಫೂನ್, ಟೆಂಪೆಸ್ಟ್ ಹೀಗೆ ಬಿರುಗಾಳಿಯ ಹೆಸರುಗಳನ್ನೇ ತನ್ನ ವಿಮಾನಗಳಿಗೆ ಕೊಟ್ಟ ಮನುಷ್ಯ. ಟೆಂಪೆಸ್ಟ್ ಗಟ್ಟಿಮುಟ್ಟಾಗಿತ್ತು, ಆದರೆ ದೊಡ್ಡದು, ಭಾರದ್ದು. ಅದರ ಎರಡೂ ರೆಕ್ಕೆಗಳ ನಡುವಿನ ತುಂಡನ್ನು ತೆಗೆದು, ರೆಕ್ಕೆಗಳನ್ನು ಒಂದಕ್ಕೊಂದು ಸೇರಿಸಿ, ಮೈ ಸಣ್ಣದು ಮಾಡಿ ಹಗುರ ವಿಮಾನ ಕಟ್ಟುವ ಯೋಚನೆ ಕ್ಯಾಮ್‌ನದು. ಬ್ರಿಟಿಷ್ ವಾಯುಪಡೆಗೆ ಫ್ಯೂರಿ, ನೌಕಾಪಡೆಗೆ ಸೀ ಫ್ಯೂರಿ ಎಂದು ಎರಡು ರೂಪ. ಮೊದಲನೆಯದು 1944ರ ಸೆಪ್ಟೆಂಬರ್ 1ರಂದು ಹಾರಿತು, ಎರಡನೆಯದು 1945ರ ಫೆಬ್ರವರಿ 21ರಂದು. ಅಷ್ಟರಲ್ಲಿ ಯುದ್ಧವೇ ಮುಗಿಯಿತು. ವಾಯುಪಡೆ ತನಗೆ ಜೆಟ್ ಸಾಕು ಎಂದು ಬೇಡಿಕೆಯನ್ನು ರದ್ದು ಮಾಡಿತು. ನೌಕಾಪಡೆ ಮಾತ್ರ ಕೈ ಬಿಡಲಿಲ್ಲ.

ಅದಕ್ಕೆ ಕಾರಣವಿತ್ತು. 1945ರ ಡಿಸೆಂಬರ್ 3ರಂದೇ ಎರಿಕ್ ಬ್ರೌನ್ ಎಂಬ ಪೈಲಟ್ ಸೀ ವ್ಯಾಂಪೈರ್ ಜೆಟ್ಟನ್ನು ‘ಓಷನ್’ ಹಡಗಿನ ಮೇಲೆ ಇಳಿಸಿ ತೋರಿಸಿದ್ದ. ಆದರೆ ಒಬ್ಬ ನಿಪುಣ ಒಮ್ಮೆ ಇಳಿಸುವುದು ಬೇರೆ, ಸಾಧಾರಣ ಪೈಲಟ್‌ಗಳು ಅಲೆಯ ಮೇಲೆ ಏಳುಬೀಳುವ ಡೆಕ್ಕಿನ ಮೇಲೆ ದಿನಾ ಇಳಿಸುವುದು ಬೇರೆ. ಆ ಕಾಲದ ಜೆಟ್ ಎಂಜಿನ್ ತುಂಬ ನಿಧಾನಿ. ಹಿಡಿಕೆ ಮುಂದೆ ತಳ್ಳಿದ ಮೇಲೂ ಬಲ ಏರಲು ಕೆಲವು ಕ್ಷಣ ಬೇಕು, ಡೆಕ್ಕಿನ ಅಂಚಿನಲ್ಲಿ ಆ ಕ್ಷಣಗಳೇ ಸಾವು-ಬದುಕಿನವು. ಇಂಧನವನ್ನು ಅದು ನೀರಿನಂತೆ ಕುಡಿಯುತ್ತಿತ್ತು. ಪಂಖದ ವಿಮಾನಕ್ಕೆ ಈ ಚಿಂತೆ ಇರಲಿಲ್ಲ. ಹಿಡಿಕೆ ತಳ್ಳಿದ ಕೂಡಲೇ ಅದು ಎಳೆಯುತ್ತಿತ್ತು, ಹೊಟ್ಟೆ ತುಂಬಿಸಿಕೊಂಡು ದೂರ ಹೋಗಿ ಬರುತ್ತಿತ್ತು.

ಎಳೆಯುವುದೆಂದರೆ ಎಂಥ ಎಳೆತ! ಸೀ ಫ್ಯೂರಿಯ ಎದೆಯಲ್ಲಿದ್ದದ್ದು ಬ್ರಿಸ್ಟಲ್ ಸೆಂಟಾರಸ್ ಎಂಜಿನ್. ಒಂಬತ್ತರಂತೆ ಎರಡು ಸುತ್ತು, ಒಟ್ಟು 18 ಸಿಲಿಂಡರು, 53 ಲೀಟರಿಗೂ ಮಿಕ್ಕಿದ ಗಾತ್ರ, ಸುಮಾರು 2,480 ಅಶ್ವಶಕ್ತಿ. ಬ್ಯಾಡಗಿ, ರಾಣೆಬೆನ್ನೂರಿನ ಹೊಲಗಳಲ್ಲಿ ಹಿಂದೆ ಬಾವಿಯ ಮೇಲೆ ಕೂತು ದಿನವಿಡೀ ಡುಗುಡುಗು ಎನ್ನುತ್ತಿದ್ದ ಐದು ಅಶ್ವಶಕ್ತಿಯ ಆಯಿಲ್ ಎಂಜಿನ್ ಕಂಡವರು, ಅಂಥ ಐನೂರು ಎಂಜಿನ್ನುಗಳನ್ನು ಒಂದೇ ಗೂಡಿನಲ್ಲಿ ಕಟ್ಟಿದಂತೆ ಎಂದು ಊಹಿಸಿಕೊಳ್ಳಬಹುದು. ಸಾಧಾರಣ ಎಂಜಿನ್ನಿನಲ್ಲಿ ಮೇಲೆ ಕೆಳಗೆ ಆಡುವ ವಾಲ್ವುಗಳು ಇದರಲ್ಲಿ ಇರಲಿಲ್ಲ. ಪಿಸ್ಟನ್ ಸುತ್ತ ಇರುವ ಕೊಳವೆಯೇ ತಿರುಗುತ್ತ ಜಾರುತ್ತ ಗಾಳಿ ಬರುವ, ಹೊಗೆ ಹೋಗುವ ಕಿಂಡಿಗಳನ್ನು ತೆರೆದು ಮುಚ್ಚುತ್ತಿತ್ತು. ಈ ಬಲವನ್ನೆಲ್ಲ ಗಾಳಿಗೆ ಇಳಿಸಲು ಐದು ಅಲಗಿನ ಪಂಖ ಬೇಕಾಯಿತು. ಗರಿಷ್ಠ ವೇಗ ಗಂಟೆಗೆ 740 ಕಿಲೋಮೀಟರ್. ರೆಕ್ಕೆಗಳಲ್ಲಿ 20 ಮಿಲಿಮೀಟರಿನ ನಾಲ್ಕು ಫಿರಂಗಿ. ಹಡಗಿನ ಲಿಫ್ಟಿನಲ್ಲಿ ಹಿಡಿಸುವಂತೆ ರೆಕ್ಕೆಗಳು ಮೇಲಕ್ಕೆ ಮಡಚಿಕೊಳ್ಳುತ್ತಿದ್ದವು.

ಪಂಖ ಕಂಡ ತಕ್ಷಣ ಪಿಸ್ಟನ್ ಎಂದುಕೊಳ್ಳುವ ಹಾಗಿಲ್ಲ. ಹಾವೇರಿ ಕಡೆಯಿಂದ ಹಾನಗಲ್ಲು, ಶಿರಸಿ ದಾಟಿ ಘಟ್ಟ ಇಳಿದು ಕಾರವಾರಕ್ಕೆ ಪ್ರವಾಸ ಹೋದವರು ಠಾಗೋರ್ ಕಡಲತೀರದ ಬಳಿ ‘ಚಪಲ್’ ಯುದ್ಧನೌಕೆಯ ಪಕ್ಕ ನಿಲ್ಲಿಸಿರುವ ದೈತ್ಯ ಟುಪೊಲೆವ್ ವಿಮಾನವನ್ನು ನೋಡಿರುತ್ತಾರೆ. ನೌಕಾಪಡೆಯಲ್ಲಿ 2017ರವರೆಗೆ ಕಡಲ ಕಾವಲು ಮಾಡಿದ ಆ ವಿಮಾನದ ನಾಲ್ಕೂ ಎಂಜಿನ್ನಿಗೆ ಎದುರುಬದುರಾಗಿ ತಿರುಗುವ ಜೋಡಿ ಪಂಖಗಳಿವೆ. ಆದರೆ ಅವನ್ನು ತಿರುಗಿಸುವುದು ಪಿಸ್ಟನ್ ಅಲ್ಲ, ಜೆಟ್ ಜಾತಿಯದೇ ಆದ ಟರ್ಬೈನ್. ಪಿಸ್ಟನ್ ಯುಗ ಮುಗಿದ ಮೇಲೂ ಪಂಖ ಉಳಿಯಿತು, ಯುದ್ಧವಿಮಾನದ ಮೂತಿಯಿಂದ ಮಾತ್ರ ಮಾಯವಾಯಿತು.

ಸೀ ಫ್ಯೂರಿಯನ್ನು ಪಿಸ್ಟನ್ ಯುದ್ಧವಿಮಾನಗಳಲ್ಲೇ ‘ಕೊನೆಯದು’ ಎನ್ನುವುದಕ್ಕೆ ಅಮೆರಿಕದವರು ಒಪ್ಪಲಿಕ್ಕಿಲ್ಲ. ಅವರ ಕೋರ್ಸೇರ್ 1953ರ ಆರಂಭದವರೆಗೂ ಕಾರ್ಖಾನೆಯಿಂದ ಹೊರಬರುತ್ತಿತ್ತು. 1969ರಲ್ಲಿ ಎಲ್ ಸಾಲ್ವಡಾರ್-ಹೊಂಡುರಾಸ್ ಕಾಳಗದಲ್ಲೂ ಅದು ಹೋರಾಡಿತು. ಆದರೆ ಕೋರ್ಸೇರ್ ಮೊದಲು ಹಾರಿದ್ದು 1940ರಲ್ಲಿ. ಪಿಸ್ಟನ್ ವಿದ್ಯೆ ಎಲ್ಲಿಯವರೆಗೆ ಹೋಗಬಹುದಿತ್ತೋ ಅಲ್ಲಿಯವರೆಗೆ ಹೋಗಿ ನಿಂತದ್ದು ಸೀ ಫ್ಯೂರಿ. 1947ರಲ್ಲಿ ಬ್ರಿಟಿಷ್ ನೌಕಾಪಡೆಯ ದಳಗಳಿಗೆ ಬಂತು, ಎಲ್ಲ ರೂಪಗಳೂ ಸೇರಿ 850ಕ್ಕೂ ಹೆಚ್ಚು ತಯಾರಾದವು.

ಅದರ ನಿಜವಾದ ಪರೀಕ್ಷೆ ನಡೆದದ್ದು ಕೊರಿಯಾ ಯುದ್ಧದಲ್ಲಿ. ‘ಥೀಸಿಯಸ್’, ‘ಓಷನ್’, ‘ಗ್ಲೋರಿ’ ಎಂಬ ಬ್ರಿಟಿಷ್ ಹಡಗುಗಳು, ಆಸ್ಟ್ರೇಲಿಯಾದ ‘ಸಿಡ್ನಿ’ ಸರದಿಯಂತೆ ಹಳದಿ ಸಮುದ್ರದಲ್ಲಿ ನಿಂತು ಸೀ ಫ್ಯೂರಿಗಳನ್ನು ಹಾರಿಸಿದವು. ಸೇತುವೆ, ರೈಲು, ಲಾರಿಸಾಲು ಒಡೆಯುವುದು ಅವುಗಳ ಕೆಲಸ. ‘ಸಿಡ್ನಿ’ 1951ರ ಅಕ್ಟೋಬರ್ 11ರಂದು ಒಂದೇ ದಿನ 89 ಹಾರಾಟ ನಡೆಸಿತು. ಡೆಕ್ಕಿನ ಮೇಲೆ ಒಂದು ವಿಮಾನ ಕೊಕ್ಕೆಯಿಂದ ಉಕ್ಕಿನ ಹಗ್ಗ ಹಿಡಿದು ನಿಲ್ಲಬೇಕು, ಅದರ ರೆಕ್ಕೆ ಮಡಚಿ ಮುಂದೆ ತಳ್ಳಬೇಕು, ಅಷ್ಟರಲ್ಲಿ ಮುಂದಿನದು ಹಿಂದೆ ಬಂದಿರುತ್ತದೆ. ಹೀಗೆ ಇಡೀ ಹಗಲು.

1952ರ ಆಗಸ್ಟ್ 9ರಂದು ಆಗಬಾರದ್ದು ಆಯಿತು. ‘ಓಷನ್’ನಿಂದ ಹೊರಟ ನಾಲ್ಕು ಸೀ ಫ್ಯೂರಿಗಳ ಮೇಲೆ ಎಂಟು ಮಿಗ್-15 ಜೆಟ್‌ಗಳು ಎರಗಿದವು. ಜೆಟ್ ಗಂಟೆಗೆ ಸಾವಿರ ಕಿಲೋಮೀಟರ್ ಮೀರಿ ಓಡುವಂಥದ್ದು. ನೆಟ್ಟಗೆ ಓಡಿ ಅದರಿಂದ ತಪ್ಪಿಸಿಕೊಳ್ಳುವ ಮಾತೇ ಇರಲಿಲ್ಲ. ಸೀ ಫ್ಯೂರಿಗಳು ಓಡದೆ ತಿರುಗಿದವು. ಚಿಕ್ಕ ಸುತ್ತಿನಲ್ಲಿ ಗಿರಕಿ ಹೊಡೆಯುವ ಪಂಖದ ವಿಮಾನದೊಂದಿಗೆ ತಾವೂ ಸುತ್ತಲು ಹೋದ ಮಿಗ್‌ಗಳು ವೇಗ ಕಳೆದುಕೊಂಡವು. ಒಂದು ನೆಲಕ್ಕೆ ಬಿತ್ತು, ಇನ್ನೆರಡು ಗಾಯಗೊಂಡು ಹೋದವು. ಹೊಡೆದುರುಳಿಸಿದ ಹೆಸರು ಲೆಫ್ಟಿನೆಂಟ್ ಪೀಟರ್ ಕಾರ್‌ಮೈಕಲ್‌ಗೆ ಬಂತು. ಹೊಡೆದವನು ತಾನು ಎಂದು ಅದೇ ತಂಡದ ಬ್ರಯನ್ ಎಲಿಸ್ ವರ್ಷಗಳ ನಂತರ ಹೇಳಿದ್ದುಂಟು. ಯಾರದೇ ಗುಂಡಿರಲಿ, ಹಾರಿದ ಹಡಗನ್ನು ನೋಡಿ: ಜೆಟ್ ಇಳಿಸಿಕೊಂಡ ಮೊದಲ ಹಡಗು ‘ಓಷನ್’, ಏಳು ವರ್ಷವೂ ತುಂಬುವ ಮೊದಲು ಅದೇ ಹಡಗಿನ ಪಂಖದ ವಿಮಾನ ಜೆಟ್ ಕೆಡವಿತು.

ಭಾರತದ ಎಳೆ ಸಿಗುವುದು ‘ಸಿಡ್ನಿ’ ಹಡಗಿನಲ್ಲಿ. ಅದು ಬ್ರಿಟನ್ ಯುದ್ಧಕಾಲದಲ್ಲಿ ಕಟ್ಟಲು ತೊಡಗಿದ ಮೆಜೆಸ್ಟಿಕ್ ವರ್ಗದ ಹಡಗು. ಅದೇ ವರ್ಗದ ‘ಮ್ಯಾಗ್ನಿಫಿಸೆಂಟ್’ ಕೆನಡಾದ ಸೇವೆಗೆ ಸೇರಿತು, ಅದೂ ಸೀ ಫ್ಯೂರಿ ಹೊತ್ತಿತು. ಮತ್ತೊಂದು ಒಡಹುಟ್ಟಿನ ಹೆಸರು ‘ಹರ್ಕ್ಯುಲಿಸ್’. 1945ರ ಸೆಪ್ಟೆಂಬರ್ 22ರಂದು ನೀರಿಗಿಳಿದ ಅದರ ಕೆಲಸ ಮುಕ್ಕಾಲು ಪಾಲು ಮುಗಿದಿತ್ತು. 1946ರಲ್ಲಿ ಹಣವಿಲ್ಲ, ಯುದ್ಧವಿಲ್ಲ ಎಂದು ಕೆಲಸ ನಿಲ್ಲಿಸಿದರು. ಹತ್ತು ವರ್ಷ ಅದು ಹಾಗೆಯೇ ನಿಂತಿತ್ತು. 1957ರ ಜನವರಿಯಲ್ಲಿ ಭಾರತ ಅದನ್ನು ಕೊಂಡು, ಬೆಲ್‌ಫಾಸ್ಟಿನ ಹಾರ್ಲೆಂಡ್ ಅಂಡ್ ವುಲ್ಫ್ ಕಟ್ಟೆಯಲ್ಲಿ ಪೂರ್ತಿ ಮಾಡಿಸಿತು. 1961ರ ಮಾರ್ಚ್ 4ರಂದು ಅದೇ ‘ವಿಕ್ರಾಂತ್’ ಆಯಿತು.

ಕೆಲಸ ನಿಲ್ಲದೆ ಹೋಗಿದ್ದರೆ? ಒಡಹುಟ್ಟುಗಳಂತೆ ಅದೂ 1948ರ ಹೊತ್ತಿಗೆ ಸೀ ಫ್ಯೂರಿಗಳನ್ನು ಹೊತ್ತು ಯಾವುದಾದರೂ ಬಾವುಟದಡಿ ಕೊರಿಯಾಕ್ಕೆ ಹೋಗಿರುತ್ತಿತ್ತು, ಭಾರತಕ್ಕೆ ಸವೆದ ಹಡಗು ಸಿಗುತ್ತಿತ್ತು ಅಥವಾ ಏನೂ ಸಿಗುತ್ತಿರಲಿಲ್ಲ ಎಂದು ಊಹಿಸುವುದು ತಪ್ಪಾಗಲಾರದು. ಈ ನಡುವಿನ ಹತ್ತು ವರ್ಷಗಳಲ್ಲಿ ಹಡಗಿನ ಮೇಲೆ ಜೆಟ್ ಇಳಿಸುವ ಮೂರು ಉಪಾಯಗಳು ಬಂದವು. ಮೊದಲನೆಯದು ಓರೆ ಡೆಕ್ಕು. ಕೊಕ್ಕೆ ತಪ್ಪಿದ ವಿಮಾನ ಮುಂದೆ ನಿಂತ ವಿಮಾನಗಳಿಗೆ ಗುದ್ದದೆ ಮತ್ತೆ ಹಾರಿಹೋಗಲು ಅದರಿಂದ ಸಾಧ್ಯವಾಯಿತು. ಹಬೆಯ ಬಲದಿಂದ ವಿಮಾನವನ್ನು ಎಸೆಯುವ ಕೆಟಪಲ್ಟ್ ಬಂತು. ಪೈಲಟ್ಟಿಗೆ ಇಳಿಯುವ ಕೋನವನ್ನು ಬೆಳಕಿನಲ್ಲಿ ತೋರಿಸುವ ಕನ್ನಡಿ ಬಂತು. ತಡವಾದ ಕಾರಣಕ್ಕೇ ವಿಕ್ರಾಂತ್ ಇವನ್ನು ಹುಟ್ಟುವಾಗಲೇ ಪಡೆಯಿತು. ಪಿಸ್ಟನ್ ಯುದ್ಧವಿಮಾನದ ಮೆಟ್ಟಿಲನ್ನೇ ತುಳಿಯದೆ ಭಾರತೀಯ ನೌಕಾಪಡೆ ನೇರವಾಗಿ ಜೆಟ್ಟಿಗೆ ಹಾರಿದ್ದು ಹೀಗೆ.

ಆ ಜೆಟ್ ಯಾವುದು? ಸೀ ಫ್ಯೂರಿಯ ನೇರ ಪೀಳಿಗೆಯ ಸೀ ಹಾಕ್. 1944ರಲ್ಲೇ ಕ್ಯಾಮ್‌ನ ತಂಡ ಫ್ಯೂರಿಯ ಮೈಯೊಳಗೆ ರೋಲ್ಸ್ ರಾಯ್ಸ್ ನೀನ್ ಜೆಟ್ ಎಂಜಿನ್ ಕೂರಿಸುವ ನಕ್ಷೆ ಬರೆದಿತ್ತು. ತಿದ್ದುತ್ತ ತಿದ್ದುತ್ತ ಅದು 1947ರ ಸೆಪ್ಟೆಂಬರ್ 2ರಂದು ಪಿ.1040 ಎಂಬ ಹೆಸರಿನಲ್ಲಿ ಹಾರಿತು, 1953ರಲ್ಲಿ ಸೀ ಹಾಕ್ ಎಂದು ಸೇವೆಗೆ ಬಂತು. ಭಾರತದ 300ನೇ ನೌಕಾ ವಿಮಾನದಳ ಸೀ ಹಾಕ್ ಇಟ್ಟುಕೊಂಡು 1960ರ ಜುಲೈನಲ್ಲಿ ವೇಲ್ಸಿನ ಬ್ರೌಡಿಯಲ್ಲಿ ಹುಟ್ಟಿತು. ವಿಕ್ರಾಂತದ ಡೆಕ್ಕಿನ ಮೇಲೆ 1961ರ ಮೇ 18ರಂದು ಮೊದಲು ಜೆಟ್ ಇಳಿಸಿದವರು ಲೆಫ್ಟಿನೆಂಟ್ ಆರ್.ಎಚ್. ತಹಿಲಿಯಾನಿ. ಮುಂದೆ ಅವರೇ ನೌಕಾಪಡೆಯ ಮುಖ್ಯಸ್ಥರಾದರು. 1971ರ ಡಿಸೆಂಬರ್ 4ರಂದು ಕಾಕ್ಸ್ ಬಜಾರ್, ಚಿತ್ತಗಾಂಗ್‌ಗಳ ಮೇಲೆ ದಾಳಿ ಮಾಡಿದ್ದು ಇವೇ ಸೀ ಹಾಕ್‌ಗಳು, ಒಂದು ಬಾಯ್ಲರು ಕೆಟ್ಟಿದ್ದ ವಿಕ್ರಾಂತದಿಂದ ಹೊರಟು.

ನೆರೆಯ ಪಾಕಿಸ್ತಾನಕ್ಕೆ ವಿಮಾನವಾಹಕ ಹಡಗು ಇರಲಿಲ್ಲ, ಸೀ ಫ್ಯೂರಿ ಇತ್ತು! ಅದರ ವಾಯುಪಡೆ 1949ರಿಂದ ಮುಂದೆ 90ರ ಆಸುಪಾಸು ವಿಮಾನಗಳನ್ನು ಕೊಂಡು ನೆಲದಿಂದಲೇ ಹಾರಿಸಿತು. ಬರ್ಮಾ ಕೂಡ ಕೊಂಡಿತು. ಭಾರತ ಆ ವಿಮಾನ ಕೊಳ್ಳಲಿಲ್ಲ, ಆದರೆ ಅದರ ಎಂಜಿನ್ ಇಲ್ಲಿಗೆ ಅದಕ್ಕಿಂತ ಮೊದಲೇ ಬಂದಿತ್ತು. 1947ರ ಕೊನೆಯಲ್ಲಿ ಕಾಶ್ಮೀರದಲ್ಲಿ ಭಾರತೀಯ ವಾಯುಪಡೆ ಹಾರಿಸಿದ ಟೆಂಪೆಸ್ಟ್-2ರ ಮೂತಿಯಲ್ಲಿ ಇದ್ದದ್ದು ಇದೇ ಸೆಂಟಾರಸ್.

ನೌಕಾಪಡೆಗೆ ಬಂದದ್ದು ಕೊರಿಯಾದಲ್ಲಿ ಸೀ ಫ್ಯೂರಿಯ ಜೊತೆಗಾರನಾಗಿದ್ದ ಫೈರ್‌ಫ್ಲೈ. ಅದೂ ಮೂಲತಃ ಹಡಗಿನ ಯುದ್ಧವಿಮಾನವೇ, ಇಬ್ಬರು ಕೂರುವಂಥದ್ದು, ಪಿಸ್ಟನ್ ಎಂಜಿನ್ನಿನದೇ. ಆದರೆ ಕೊಚ್ಚಿಯ ‘ಗರುಡ’ ನೆಲೆಗೆ 1955ರಿಂದ ಬಂದ ಫೈರ್‌ಫ್ಲೈಗಳ ಕೆಲಸ ಯುದ್ಧವಾಗಿರಲಿಲ್ಲ. ಉದ್ದ ಹಗ್ಗದ ತುದಿಗೆ ಬಟ್ಟೆಯ ಗುರಿ ಕಟ್ಟಿಕೊಂಡು ಹಾರುವುದು, ಹಡಗಿನ ಗುಂಡುಗಾರರು ಅದಕ್ಕೆ ಹೊಡೆದು ಕಲಿಯುವುದು. ಗುಂಡು ಹಗ್ಗದ ತುದಿಗೆ ಬೀಳಬೇಕು, ಹಗ್ಗದ ಈ ತುದಿಗಲ್ಲ ಎಂಬ ಪ್ರಾರ್ಥನೆ ಮಾಡದ ಪೈಲಟ್ ಇರಲಿಕ್ಕಿಲ್ಲ. ಅವುಗಳಲ್ಲಿ ಒಂದು ಈಗ ಗೋವಾದ ನೌಕಾ ವಿಮಾನ ಸಂಗ್ರಹಾಲಯದಲ್ಲಿದೆ.

ಇನ್ನು ಬೆಂಗಳೂರು. ಪಿಸ್ಟನ್ ಎಂಜಿನ್ನಿನ ರಿಪೇರಿ ವಿದ್ಯೆ ಈ ನಾಡಿಗೆ ಬಂದದ್ದೇ ಯುದ್ಧದ ನೆಪದಲ್ಲಿ. ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿಗೆ ಜಾಗ ಕೊಟ್ಟದ್ದು ಮೈಸೂರು ಸಂಸ್ಥಾನ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1940ರ ಡಿಸೆಂಬರಿನಲ್ಲಿ, 700 ಎಕರೆ ನೆಲ ಮತ್ತು ಬಂಡವಾಳದಲ್ಲಿ ಪಾಲಿನೊಂದಿಗೆ ಹಿಂದುಸ್ತಾನ್ ಏರ್‌ಕ್ರಾಫ್ಟ್ ಶುರುವಾಯಿತು. 1943ರಲ್ಲಿ ಅಮೆರಿಕದ ಸೇನೆ ಕಾರ್ಖಾನೆಯನ್ನು ವಹಿಸಿಕೊಂಡು ದೊಡ್ಡ ರಿಪೇರಿ ಡಿಪೋ ಮಾಡಿತು. ಅಲ್ಲಿಗೆ ರಿಪೇರಿಗೆ ಬರುತ್ತಿದ್ದ ಕಡಲ ಕಾವಲಿನ ಕ್ಯಾಟಲಿನಾ ವಿಮಾನಗಳು ನೀರಿನ ಮೇಲೆ ಇಳಿಯುವಂಥವು. ಬೆಂಗಳೂರಿಗೆ ಕಡಲೆಲ್ಲಿ? ಅವು ಇಳಿದದ್ದು ಬೆಳ್ಳಂದೂರು ಕೆರೆಯಲ್ಲಿ. ನೊರೆ ಮತ್ತು ಬೆಂಕಿಯಿಂದ ಸುದ್ದಿಯಾದ ಅದೇ ಕೆರೆ.

ಸ್ವಾತಂತ್ರ್ಯದ ನಂತರ ಈ ಕಾರ್ಖಾನೆಯ ಕೈಗಳಿಗೆ ಬಂದ ದೊಡ್ಡ ಕೆಲಸ ಲಿಬರೇಟರ್‌ಗಳದು. ಯುದ್ಧ ಮುಗಿದಾಗ ಈ ನಾಲ್ಕು ಎಂಜಿನ್ನಿನ ಬಾಂಬರುಗಳನ್ನು ಕಾನ್ಪುರದಲ್ಲಿ ಬಿಟ್ಟು, ಯಾರೂ ಬಳಸಬಾರದೆಂದು ಒಡೆದು ಹಾಳುಗೆಡವಿ ಹೋಗಿದ್ದರು. ಕಂಪನಿಯ ಪರೀಕ್ಷಾ ಪೈಲಟ್ ಜಿಮ್ಮಿ ಮುನ್ಶಿ ಆ ಗುಜರಿಯಿಂದ ಒಂದೊಂದನ್ನೇ ಹಾರುವಷ್ಟು ಸರಿಮಾಡಿಸಿಕೊಂಡು ಬೆಂಗಳೂರಿಗೆ ತಂದರು. ನಲವತ್ತರ ಹತ್ತಿರ ವಿಮಾನಗಳು ಇಲ್ಲಿ ಮತ್ತೆ ಜೀವ ಪಡೆದವು. ವಾಯುಪಡೆಯಲ್ಲಿ ಅವು 1968ರವರೆಗೆ ಹಾರಿದವು, ಕೊನೆಯ ವರ್ಷಗಳಲ್ಲಿ ಕಡಲ ಮೇಲಿನ ಕಾವಲಿಗೇ. ನೌಕಾಪಡೆಗೆ ಜೆಟ್ ಬಂದ ಮೇಲೂ ದೇಶದ ಕಡಲನ್ನು ದೂರದಿಂದ ಕಾಯುತ್ತಿದ್ದದ್ದು ಬೆಂಗಳೂರಿನಲ್ಲಿ ರಿಪೇರಿಯಾದ ಪಿಸ್ಟನ್ ಎಂಜಿನ್ನುಗಳು ಎಂಬುದನ್ನು ವಿಕ್ರಾಂತದ ಕಥೆ ಹೇಳುವವರು ಅಪರೂಪಕ್ಕೂ ನೆನೆಯುವುದಿಲ್ಲ. ವಿ.ಎಂ. ಘಾಟಗೆ ವಿನ್ಯಾಸ ಮಾಡಿದ, 1951ರ ಆಗಸ್ಟಿನಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನವೂ ಪಿಸ್ಟನ್ನಿನದೇ. ನೌಕಾಪಡೆಯ ಹೊಸ ಪೈಲಟ್‌ಗಳು ಅದರಲ್ಲೂ ಕಲಿತರು.

ಕುರ್ಟ್ ಟ್ಯಾಂಕ್ ಬಂದದ್ದು ಈ ಅಂಗಳಕ್ಕೆ. ಪಿಸ್ಟನ್ ಯುದ್ಧವಿಮಾನದ ಗುರುವಾಗಿದ್ದವನು ಇಲ್ಲಿ ಮಾಡಬೇಕಿದ್ದದ್ದು ಜೆಟ್. ಮೊದಲು ಮರದ ಗ್ಲೈಡರ್ ಮಾಡಿಸಿ ಹಾರಿಸಿ ನೋಡಿದ. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಎಚ್‌ಎಫ್-24 ಮಾರುತವನ್ನು ಹಾರಿಸಿದರು. ವಿಕ್ರಾಂತದ ಡೆಕ್ಕಿಗೆ ಸೀ ಹಾಕ್ ಇಳಿದು ಆಗ ಒಂದು ತಿಂಗಳಾಗಿತ್ತು. ಮಾರುತದ ಮೈ ಚೆಲುವಿನದು, ಸಮರ್ಥವಾದದ್ದು. ಅದಕ್ಕೆ ತಕ್ಕ ಎಂಜಿನ್ ಮಾತ್ರ ಕೊನೆಯವರೆಗೂ ಸಿಗಲಿಲ್ಲ. ಎಂಜಿನ್ನಿಗೆ ತಕ್ಕ ಮೈ ಕಟ್ಟುವುದರಲ್ಲಿ ಹೆಸರಾದ ಟ್ಯಾಂಕ್‌ಗೆ ಇದಕ್ಕಿಂತ ಕಹಿ ಅನುಭವ ಇರಲಾರದು. 147 ವಿಮಾನಗಳು ತಯಾರಾದವು. ಟ್ಯಾಂಕ್ 1967ರಲ್ಲಿ ಬೆಂಗಳೂರು ಬಿಟ್ಟ. ಸುರಂಜನ್ ದಾಸ್ 1970ರ ಜನವರಿಯಲ್ಲಿ ಮಾರುತದ ಪರೀಕ್ಷಾ ಹಾರಾಟದಲ್ಲೇ ತೀರಿಕೊಂಡರು. ಅವರ ಹೆಸರಿನ ರಸ್ತೆ ಇಂದಿಗೂ ಹಳೆ ಮದ್ರಾಸ್ ರಸ್ತೆಯನ್ನು ಕಾರ್ಖಾನೆಯ ಕಡೆಗೆ ಜೋಡಿಸುತ್ತದೆ.

ಟ್ಯಾಂಕ್ ಕಟ್ಟಿದ್ದು ವಾಯುಪಡೆಯ ವಿಮಾನ. ಹಡಗಿನ ಡೆಕ್ಕಿಗೆ ತಕ್ಕ ಯುದ್ಧವಿಮಾನ ಬೆಂಗಳೂರಿನಿಂದ ಹಾರಲು 2012ರ ಏಪ್ರಿಲ್ 27ರವರೆಗೆ ಕಾಯಬೇಕಾಯಿತು. ಅಂದು ನೌಕಾ ತೇಜಸ್‌ನ ಮೊದಲ ಹಾರಾಟ. ಅದನ್ನು ಹಾರಿಸಿದ ಜೈದೀಪ್ ಮಾವ್ಳಂಕರ್ ಅವರೇ 2020ರ ಜನವರಿ 11ರಂದು ಕಾರವಾರವನ್ನು ತವರುನೆಲೆ ಮಾಡಿಕೊಂಡ ವಿಮಾನವಾಹಕ ಹಡಗು ‘ವಿಕ್ರಮಾದಿತ್ಯ’ದ ಮೇಲೆ ಅದನ್ನು ಇಳಿಸಿದರು. ಕೊಕ್ಕೆ, ಉಕ್ಕಿನ ಹಗ್ಗ, ಓಡಲು ಸಿಗುವ ಅಷ್ಟೇ ಅಷ್ಟು ಜಾಗ, ಇವುಗಳಲ್ಲಿ ಸೀ ಫ್ಯೂರಿಯ ಕಾಲಕ್ಕೂ ಇಂದಿಗೂ ವ್ಯತ್ಯಾಸ ಹೆಚ್ಚಿಲ್ಲ. ಆದರೆ ಒಂದೇ ಎಂಜಿನ್ನಿನ ತೇಜಸ್ ಡೆಕ್ಕಿನಿಂದ ಬೇಕಾದಷ್ಟು ಭಾರ ಹೊತ್ತು ಏಳಲಾರದು ಎಂಬ ಕಾರಣಕ್ಕೆ ನೌಕಾಪಡೆ ಅದನ್ನು ಸೇವೆಗೆ ತೆಗೆದುಕೊಳ್ಳಲಿಲ್ಲ. ಎರಡು ಎಂಜಿನ್ನಿನ ಹೊಸ ವಿಮಾನದ ನಕ್ಷೆ ಬೆಂಗಳೂರಿನಲ್ಲಿ ಬೆಳೆಯುತ್ತಿದ್ದಂತೆಯೇ, 2025ರ ಏಪ್ರಿಲ್‌ನಲ್ಲಿ ಭಾರತ ಹಳೆಯದರ ಹೆಸರನ್ನೇ ಹೊತ್ತ ಹೊಸ ಹಡಗು ವಿಕ್ರಾಂತಕ್ಕಾಗಿ ಫ್ರಾನ್ಸಿನಿಂದ 26 ರಫೇಲ್-ಎಂ ಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿತು.